ಮಾತು ತಡವಾದರೆ ಮೊದಲು ಕಿವಿ ನೋಡಿ

(ತಾಲ್ಲೂಕು ಕೇಂದ್ರವೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಚಿಕ್ಕ ಮಕ್ಕಳ ತಾಯಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಜೋಡಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿರುವ ಅಮ್ಮಂದಿರು ಅವರನ್ನು ಸುಮ್ಮನಿರಿಸಲು ಕಷ್ಟಪಡುವುದು ಬೇಡ. ಗಲಾಟೆ ಮಾಡಲಿ. ಇವತ್ತಿನ ವಿಷಯವೇ ಆ ಗಲಾಟೆ.

ನಾನು ಸ್ಪೀಚ್ ಥೆರಪಿಸ್ಟ್. ಮಾತು ತಡವಾದ ಮಕ್ಕಳ ಜೊತೆ ಕೆಲಸ ಮಾಡುವವಳು. ಮದುವೆ ಮನೆಗೆ ಹೋದರೂ, ಬಸ್ಸಿನಲ್ಲಿ ಕೂತರೂ, ನನ್ನ ಕೆಲಸ ಗೊತ್ತಾದ ಕೂಡಲೇ ಒಂದು ಪ್ರಶ್ನೆ ಬರುತ್ತದೆ. "ನಮ್ಮ ಮಗುಗೆ ಎರಡು ವರ್ಷ ತುಂಬಿತು. ಎಲ್ಲಾ ಅರ್ಥ ಆಗುತ್ತೆ, ಮಾತು ಮಾತ್ರ ಬಂದಿಲ್ಲ. ಕಾಯಬಹುದಾ?" ಈ ಪ್ರಶ್ನೆಗೆ ನಿಂತ ಜಾಗದಲ್ಲೇ ಉತ್ತರ ಕೊಡುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯ ಇಬ್ಬರು ಮಕ್ಕಳ ವಿಷಯ ಹೇಳಬೇಕು.

ಮೊದಲನೆಯದು ನನ್ನ ಅಕ್ಕನ ಮಗಳು. ಅವಳು ಹುಟ್ಟಿದಾಗ ನಾನಿನ್ನೂ ಪಿಯುಸಿಯಲ್ಲಿದ್ದೆ. ಮುದ್ದಾದ ಮಗು. ಮೂರು ನಾಲ್ಕು ತಿಂಗಳಲ್ಲಿ "ಗೂ, ಊ" ಅಂತ ಚೆನ್ನಾಗಿಯೇ ದನಿ ಮಾಡುತ್ತಿದ್ದಳು. ಎಂಟು ಒಂಬತ್ತು ತಿಂಗಳಾದಾಗ ದನಿ ಕಡಿಮೆಯಾಯಿತು. ನಾವೆಲ್ಲ ಏನಂದೆವು ಗೊತ್ತಾ? "ಎಷ್ಟು ಜಾಣೆ, ಹಠವೇ ಇಲ್ಲ, ತನ್ನ ಪಾಡಿಗೆ ಆಡಿಕೊಳ್ಳುತ್ತಾಳೆ." ಎರಡು ವರ್ಷವಾಯಿತು, ಮಾತಿಲ್ಲ. ಭಾವನ ತಾಯಿ ಹೇಳಿದರು: "ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು. ನಮ್ಮ ವಂಶದಲ್ಲೇ ಲೇಟು." ಅಕ್ಕನಿಗೆ ಒಳಗೊಳಗೇ ಅನುಮಾನ. ಒಂದು ದಿನ ಮಗುವಿನ ಹಿಂದೆ ನಿಂತು ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಿಟ್ಟಳು. ಮಗು ತಟ್ಟನೆ ತಿರುಗಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಕಿವಿ ಕೇಳುತ್ತೆ, ಇನ್ನೇನು ಬೇಕು ಅಂದುಕೊಂಡೆವು. ಡಾಕ್ಟರೊಬ್ಬರೂ ಕಾಯಿರಿ ಅಂದರು. ಕಾದೆವು. ಅವಳಿಗೆ ಮೂರೂವರೆ ವರ್ಷವಾದಾಗ ಗೊತ್ತಾಯಿತು, ಎರಡೂ ಕಿವಿಗಳಲ್ಲಿ ತೀವ್ರವಾದ ದೋಷವಿದೆ ಅಂತ.

ಎರಡನೆಯವನು ನನ್ನ ಮಗ. ಎರಡು ವರ್ಷಕ್ಕೆ ಅವನ ಬಾಯಲ್ಲಿ ಇದ್ದದ್ದು ಹತ್ತು ಪದ. ಅಮ್ಮ, ಅಪ್ಪ, ಬಾ, ಬೇಡ, ಕಾಗೆಗೆ ಕಾ, ನಾಯಿಗೆ ಬೌ, ಹೀಗೆ. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗಿ ಆಗಲೇ "ಆಂಟಿ, ನಮ್ಮನೇಲಿ ಇವತ್ತು ದೋಸೆ" ಅನ್ನುತ್ತಿದ್ದಳು. ಮೂರೂವರೆ ವರ್ಷಕ್ಕೆ ನನ್ನ ಮಗನ ಮಾತು ನಿಲ್ಲಿಸುವುದೇ ಕಷ್ಟವಾಯಿತು. ಈಗ ಅವನಿಗೆ ಯಾವ ತೊಂದರೆಯೂ ಇಲ್ಲ.

ಎರಡು ವರ್ಷಕ್ಕೆ ಹೊರಗಿನಿಂದ ನೋಡಿದವರಿಗೆ ಈ ಇಬ್ಬರೂ ಒಂದೇ ತರಹ ಕಾಣುತ್ತಿದ್ದರು. ಮಾತಾಡದ, ನಗುನಗುವ ಮಗು. ಒಂದು ಮಗುವಿಗೆ ಕಾಯುವುದು ಸರಿಯಾಗಿತ್ತು. ಇನ್ನೊಂದಕ್ಕೆ ಕಾದದ್ದರಿಂದ ಮೂರು ವರ್ಷ ಹೋಯಿತು. ಯಾವ ಮಗು ಯಾವುದು ಅಂತ ಬಸ್ಸಿನಲ್ಲಿ ಕೂತು ಹೇಳಲು ನನಗೂ ಆಗುವುದಿಲ್ಲ, ನಿಮಗೂ ಆಗುವುದಿಲ್ಲ, ಅಜ್ಜಿಗೂ ಆಗುವುದಿಲ್ಲ.

ಮಾತು ಬಾಯಲ್ಲಿ ಶುರುವಾಗುವುದಿಲ್ಲ. ಕಿವಿಯಲ್ಲಿ ಶುರುವಾಗುತ್ತದೆ, ಅದೂ ಹುಟ್ಟುವುದಕ್ಕೆ ಮೊದಲೇ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಮಗುವಿಗೆ ಅಮ್ಮನ ದನಿ ಕೇಳಿಸುತ್ತಿರುತ್ತದೆ. 1980ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಹುಟ್ಟಿ ಮೂರು ದಿನವೂ ಆಗಿರದ ಕೂಸುಗಳ ಬಾಯಿಗೆ ರಬ್ಬರ್ ತೊಟ್ಟು ಕೊಟ್ಟರು. ಒಂದು ರೀತಿಯಲ್ಲಿ ಚೀಪಿದರೆ ತನ್ನ ಅಮ್ಮನ ದನಿಯ ಟೇಪು, ಇನ್ನೊಂದು ರೀತಿಯಲ್ಲಿ ಚೀಪಿದರೆ ಬೇರೆ ಹೆಂಗಸಿನ ದನಿ. ಆ ಕೂಸುಗಳು ಅಮ್ಮನ ದನಿ ಬರುವ ಹಾಗೆ ಚೀಪಲು ಕಲಿತವು. ಮೂರು ದಿನದ ಕೂಸು, ಯೋಚನೆ ಮಾಡಿ.

ಇನ್ನೊಂದು ಪ್ರಯೋಗ ನಮ್ಮ ಭಾಷೆಗಳಿಗೆ ಹತ್ತಿರದ್ದು. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ತ ಮತ್ತು ಟ ಶಬ್ದಗಳನ್ನು ಇಂಗ್ಲಿಷ್ ಮನೆಗಳ ಮಕ್ಕಳಿಗೆ ಕೇಳಿಸಿದರು. ದೊಡ್ಡ ಇಂಗ್ಲಿಷಿನವರಿಗೆ ಈ ಎರಡರ ವ್ಯತ್ಯಾಸ ತಿಳಿಯುವುದೇ ಕಷ್ಟ. ನಮಗೆ ಮುತ್ತು ಬೇರೆ, ಮುಟ್ಟು ಬೇರೆ, ಅಲ್ವಾ? ಆರೇಳು ತಿಂಗಳ ಇಂಗ್ಲಿಷ್ ಮನೆಯ ಕೂಸುಗಳು ತ, ಟ ಎರಡನ್ನೂ ಬೇರೆ ಮಾಡಿ ಗುರುತಿಸಿದವು. ಒಂದು ವರ್ಷ ಹತ್ತಿರವಾಗುವ ಹೊತ್ತಿಗೆ ಅದೇ ಮನೆಗಳ ಮಕ್ಕಳಿಗೆ ಆ ವ್ಯತ್ಯಾಸ ಕೇಳಿಸದಂತಾಯಿತು. ಮನೆಯಲ್ಲಿ ಬೇಕಿಲ್ಲದ ಶಬ್ದವನ್ನು ಕಿವಿ ಬಿಟ್ಟುಕೊಟ್ಟಿತ್ತು. ಅಂದರೆ ಮೊದಲ ಪದ ಆಡುವ ಮೊದಲೇ ಮಗು ತನ್ನ ಭಾಷೆಯ ಕಾಳನ್ನು ಜೊಳ್ಳಿನಿಂದ ಬೇರೆ ಮಾಡಿ ಮುಗಿಸಿರುತ್ತದೆ. ನೀವು ತೊಟ್ಟಿಲು ತೂಗುವಾಗ ಸುಮ್ನೆ ಆಡುವ ಮಾತನ್ನೆಲ್ಲ ಅದು ಕೂಡಿಟ್ಟುಕೊಳ್ಳುತ್ತಿರುತ್ತದೆ.

ಎರಡು ತಿಂಗಳಿಂದ ಗೂ, ಊ. ಆರೇಳು ತಿಂಗಳಿಂದ ಬಬಬ, ದದದ, ಮಮಮ. ಇದನ್ನು ತೊದಲು ಅಂತ ನಾವು ಮುದ್ದಿಗೆ ಕರೆಯುತ್ತೇವೆ. ನನ್ನ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಶಬ್ದ ಇನ್ನೊಂದಿಲ್ಲ. ಗೂ, ಊ ಅನ್ನುವುದಕ್ಕೆ ಕಿವಿ ಬೇಕಿಲ್ಲ, ಕಿವುಡು ಮಕ್ಕಳೂ ಮಾಡುತ್ತವೆ. ನಮ್ಮ ಅಕ್ಕನ ಮಗಳೂ ಮಾಡಿದ್ದಳು. ಬಬಬ, ದದದ ಅನ್ನುವುದಕ್ಕೆ ಬೇರೆಯವರ ದನಿಯೂ ತನ್ನ ದನಿಯೂ ಕಿವಿಗೆ ಬೀಳಬೇಕು. ಹತ್ತು ತಿಂಗಳಾದರೂ ಈ ಸರಣಿ ಶಬ್ದ ಬಂದಿಲ್ಲ ಅಂದರೆ, ಅಥವಾ ಬಂದದ್ದು ನಿಂತುಹೋಯಿತು ಅಂದರೆ, ಅವತ್ತೇ ಕಿವಿ ಪರೀಕ್ಷೆಗೆ ಹೊರಡಿ. "ಹಠವಿಲ್ಲದ ಜಾಣೆ" ಅಂತ ನಾವು ಹೊಗಳಿದ್ದ ಮೌನ ಅದೇ ಆಗಿತ್ತು.

ಶಬ್ದದ ಜೊತೆಗೆ ಬೆರಳು. ಒಂಬತ್ತು ತಿಂಗಳಿಂದ ಒಂದು ವರ್ಷದ ಆಸುಪಾಸಿನಲ್ಲಿ ಮಗು ಬೆರಳು ತೋರಿಸಲು ಶುರು ಮಾಡುತ್ತದೆ. ಚಂದಮಾಮನನ್ನು ತೋರಿಸಿ ನಿಮ್ಮ ಮುಖ ನೋಡುತ್ತದೆ. "ನೋಡು, ನಾನು ನೋಡಿದ್ದನ್ನು ನೀನೂ ನೋಡು" ಅಂತ ಅದರ ಅರ್ಥ. ಬಾಯಲ್ಲಿ ಒಂದು ಪದವೂ ಇಲ್ಲದ ಮಗು ಹೀಗೆ ಬೆರಳಿನಲ್ಲೇ ಸಂಸಾರ ನಡೆಸುತ್ತಿದ್ದರೆ ನನಗೆ ಅರ್ಧ ನೆಮ್ಮದಿ. ಟಾಟಾ ಮಾಡುವುದು, ಕೈ ಎತ್ತಿ ಎತ್ತಿಕೋ ಅನ್ನುವುದು, ಬೇಡ ಅಂತ ತಲೆ ಆಡಿಸುವುದು, ಜೇಜೇ ಅಂತ ಕೈ ಮುಗಿಯುವುದು, ಇವೆಲ್ಲ ಮಾತೇ.

ಮೊದಲ ಪದ ಸಾಮಾನ್ಯವಾಗಿ ಒಂದು ವರ್ಷದ ಆಚೀಚೆ ಬರುತ್ತದೆ. ಕೆಲವಕ್ಕೆ ಹತ್ತು ತಿಂಗಳಿಗೆ, ಕೆಲವಕ್ಕೆ ಹದಿನೈದಕ್ಕೆ. ಯಾವುದನ್ನು ಪದ ಅನ್ನಬೇಕು ಅನ್ನುವ ವಿಷಯದಲ್ಲಿ ತಾಯಂದಿರು ತುಂಬಾ ಜಿಪುಣರು. "ಏನೂ ಮಾತಾಡಲ್ಲ ಮೇಡಂ" ಅನ್ನುತ್ತಾರೆ. ನಾನು ಒಂದು ಗಂಟೆ ಮಗುವಿನ ಜೊತೆ ಕೂತರೆ ಏಳೆಂಟು ಪದ ಸಿಗುತ್ತದೆ. ನಾಯಿಗೆ ಬೌ, ಹಸುವಿಗೆ ಅಂಬಾ, ಬಿದ್ದರೆ ಡುಬುಕ್, ಊಟಕ್ಕೆ ಮಮ್ಮು, ನಿದ್ದೆಗೆ ಜೋಜೋ. ಒಂದೇ ವಸ್ತುವಿಗೆ, ಬೇಕಂತಲೇ, ಪ್ರತಿ ಸಲ ಅದೇ ಶಬ್ದ ಮಾಡಿದರೆ ಅದು ಪದ. ಸ್ಪಷ್ಟವಾಗಿ ಇರಬೇಕಿಲ್ಲ. ನೀರಿಗೆ "ನೀ" ಅಂದರೂ ಪದವೇ. ಮೊದಮೊದಲು ಬೌ ಅಂದರೆ ನಾಯಿಯೂ ಆಗಬಹುದು, ಮೇಕೆಯೂ ಆಗಬಹುದು, ಎದುರು ಮನೆಯವರ ಎಮ್ಮೆಯೂ ಆಗಬಹುದು. ಅದು ತಪ್ಪಲ್ಲ. ಕೈಯಲ್ಲಿರುವ ಒಂದೇ ಪದವನ್ನು ಎಲ್ಲಾ ಕಡೆ ದುಡಿಸಿಕೊಳ್ಳುತ್ತಿದೆ.

ಮಮ್ಮು ಅಂದಾಗ ನನಗೆ ಚಾರ್ಲ್ಸ್ ಡಾರ್ವಿನ್ ನೆನಪಾಗುತ್ತಾನೆ. ಜೀವಿಗಳ ವಿಕಾಸದ ಬಗ್ಗೆ ಬರೆದನಲ್ಲ, ಅವನೇ. 1839ರ ಕೊನೆಯಲ್ಲಿ ಅವನ ಮೊದಲ ಮಗ ವಿಲಿಯಂ ಹುಟ್ಟಿದ. ಕೂಸು ಏನೇನು ಮಾಡುತ್ತದೆ ಅಂತ ಡಾರ್ವಿನ್ ಟಿಪ್ಪಣಿ ಬರೆದಿಟ್ಟ. 1877ರಲ್ಲಿ ಅದನ್ನು ಪ್ರಕಟಿಸಿದ. ಸರಿಯಾಗಿ ಒಂದು ವರ್ಷದ ವಯಸ್ಸಿಗೆ ಆ ಮಗು ಊಟಕ್ಕೆ ತಾನೇ ಒಂದು ಪದ ಹುಟ್ಟಿಸಿಕೊಂಡಿತಂತೆ. ಆ ಪದ "ಮಮ್". ಆಮೇಲೆ ಸಕ್ಕರೆಗೆ "ಷು-ಮಮ್" ಅಂದಿತು. ಜೇಷ್ಠಮಧುವಿನ ಕಪ್ಪು ಮಿಠಾಯಿ ಸಿಕ್ಕಾಗ "ಬ್ಲ್ಯಾಕ್-ಷು-ಮಮ್" ಅಂತ ಪದಕ್ಕೆ ಪದ ಜೋಡಿಸಿತು. ಎಲ್ಲಿಯ ಇಂಗ್ಲೆಂಡು, ಎಲ್ಲಿಯ ನಮ್ಮ ಮಮ್ಮು! ತುಟಿ ಮುಚ್ಚಿ ತೆರೆದರೆ ಬರುವ ಪ, ಬ, ಮ ಎಲ್ಲ ಊರಿನ ಮಕ್ಕಳಿಗೂ ಸುಲಭ. ಅದಕ್ಕೇ ಅಮ್ಮ, ಅಪ್ಪ, ಮಾಮ ಮೊದಲು. ರ, ಳ, ಶ ಆಮೇಲೆ. ಮೂರು ವರ್ಷದ ಮಗು ರೈಲಿಗೆ ಲೈಲು ಅಂದರೆ, ಹಣ್ಣಿಗೆ ಅಣ್ಣು ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ "ಲೈಲು ಅಲ್ಲ, ರೈಲು ಅನ್ನು, ಅನ್ನು ಅನ್ನು" ಅಂತ ಹಿಂಸೆ ಮಾಡಲೂಬೇಡಿ. "ಹೌದು ಕಂದ, ರೈಲು ಬಂತು" ಅಂದರೆ ಸಾಕು. ಸರಿಯಾದ ಶಬ್ದ ಅದರ ಕಿವಿಗೆ ಬಿತ್ತು.

ಇನ್ನು ಎಷ್ಟು ಹೊತ್ತಿಗೆ ಎಷ್ಟು ಪದ? ಎಲ್ಲರೂ ಕಾಯುತ್ತಿರುವ ಲೆಕ್ಕ ಇದು ಅಂತ ಗೊತ್ತು. 1994ರಲ್ಲಿ ಅಮೆರಿಕದಲ್ಲಿ 1,800ಕ್ಕೂ ಹೆಚ್ಚು ಮಕ್ಕಳ ತಂದೆ ತಾಯಿಯರಿಗೆ ಪದಗಳ ಪಟ್ಟಿ ಕೊಟ್ಟು, ಮಗು ಯಾವುದನ್ನು ಹೇಳುತ್ತದೆ ಅಂತ ಗುರುತು ಹಾಕಿಸಿದರು. ಎರಡು ವರ್ಷದ ಮಕ್ಕಳಲ್ಲಿ ಮಧ್ಯದವರು ಸುಮಾರು 300 ಪದ ಹೇಳುತ್ತಿದ್ದರು. ಆದರೆ ಮೇಲಿನ ಸಾಲಿನವರು 500 ದಾಟಿದ್ದರು, ಕೆಳಗಿನ ಸಾಲಿನವರು 60ರ ಹತ್ತಿರ ಅಥವಾ ಅದಕ್ಕೂ ಕಡಿಮೆ ಇದ್ದರು. ವಯಸ್ಸು ಒಂದೇ, ವ್ಯತ್ಯಾಸ ಎಂಟು ಒಂಬತ್ತು ಪಟ್ಟು! ನಡೆಯುವುದರಲ್ಲಿ, ಹಲ್ಲು ಬರುವುದರಲ್ಲಿ ಇಷ್ಟು ಅಂತರ ನೀವು ನೋಡಿರಲಿಕ್ಕಿಲ್ಲ. ಪಕ್ಕದ ಮನೆಯ ಹುಡುಗಿಯನ್ನು ನಿಮ್ಮ ಮಗುವಿನ ಪಕ್ಕ ನಿಲ್ಲಿಸಿ ಅಳೆಯಬೇಡಿ ಅನ್ನುವುದು ಇದಕ್ಕೇ.

ಇನ್ನೂ ಒಂದು ಚೆಂದದ ಉದಾಹರಣೆ ಇದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ರೋಜರ್ ಬ್ರೌನ್ 1960ರ ದಶಕದಲ್ಲಿ ಮೂರು ಮಕ್ಕಳ ಮಾತನ್ನು ಅವರ ಮನೆಗೇ ಹೋಗಿ ತಿಂಗಳುಗಟ್ಟಲೆ ಟೇಪ್ ಮಾಡಿಸಿದರು. ಮಕ್ಕಳಿಗೆ ಆಡಮ್, ಈವ್, ಸಾರಾ ಅಂತ ಹೆಸರಿಟ್ಟರು. ಈವ್ ಒಂದೂವರೆ ವರ್ಷಕ್ಕೆ ಆಡುತ್ತಿದ್ದಷ್ಟು ಉದ್ದದ ಮಾತನ್ನು ಉಳಿದಿಬ್ಬರು ಎರಡೂಕಾಲು ವರ್ಷಕ್ಕೆ ಆಡುತ್ತಿದ್ದರು. ಒಂಬತ್ತು ತಿಂಗಳ ಅಂತರ. ಆದರೆ ವ್ಯಾಕರಣದ ಚಿಕ್ಕಚಿಕ್ಕ ತುಣುಕುಗಳನ್ನು, ನಮ್ಮಲ್ಲಿ ಗಳು, ಅಲ್ಲಿ, ಇಂದ ಇವೆಯಲ್ಲ ಆ ತರಹದವನ್ನು, ಮೂವರೂ ಕಲಿತದ್ದು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ. ದಾರಿ ಒಂದೇ, ನಡಿಗೆ ಬೇರೆ. ನಾನು ತಾಯಂದಿರಿಗೆ ಮಗು ಎಲ್ಲಿ ತಲುಪಿದೆ ಅಂತ ಕೇಳುವುದಕ್ಕಿಂತ ಹೋದ ತಿಂಗಳಿಗಿಂತ ಈ ತಿಂಗಳು ಮುಂದೆ ಬಂದಿದೆಯಾ ಅಂತ ಕೇಳುವುದು ಜಾಸ್ತಿ.

ಹಾಗಾದರೆ ಗಡಿ ಅಂತ ಏನೂ ಇಲ್ಲವಾ? ಇದೆ. ಎರಡು ವರ್ಷಕ್ಕೆ 50 ಪದ ಮತ್ತು "ಅಮ್ಮ ಬಾ", "ಹಾಲು ಬೇಡ" ಅಂತ ಎರಡು ಪದದ ಜೋಡಿ ಬಂದಿರಬೇಕು ಅನ್ನುವುದು ನಾವು ಓದುವಾಗಿನ ಲೆಕ್ಕ. 2022ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ, ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಅನ್ನುವ ತನ್ನ ಪಟ್ಟಿ ಬದಲಿಸಿತು. ನೂರಕ್ಕೆ 75 ಮಕ್ಕಳಾದರೂ ತಲುಪಿರುವ ವಯಸ್ಸನ್ನು ಗಡಿ ಮಾಡಿ, 50 ಪದವನ್ನು ಎರಡೂವರೆ ವರ್ಷಕ್ಕೆ ಇಟ್ಟಿತು. ಎರಡು ಪದದ ಜೋಡಿಯನ್ನು ಎರಡು ವರ್ಷಕ್ಕೇ ಉಳಿಸಿತು. ಇದಕ್ಕೆ ನಮ್ಮ ವೃತ್ತಿಯ ಅನೇಕರು ತಕರಾರು ತೆಗೆದರು. ನಾನೂ ಹಳೆಯ ಲೆಕ್ಕದವಳೇ. ಪರೀಕ್ಷೆಗೆ ಆರು ತಿಂಗಳು ಮೊದಲೇ ಬಂದರೆ ಹೋಗುವುದು ಒಂದು ದಿನದ ಕೂಲಿ. ಆರು ತಿಂಗಳು ತಡವಾಗಿ ಬಂದರೆ ಹೋಗುವುದು ಮಗುವಿನ ಆರು ತಿಂಗಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ಎಷ್ಟು ಮೊದಲು ಹುಟ್ಟಿತೋ ಅಷ್ಟನ್ನು ಕಳೆದು ವಯಸ್ಸು ಎಣಿಸಿ.

ಎರಡು ವರ್ಷದ ನೂರು ಮಕ್ಕಳಲ್ಲಿ ಹತ್ತರಿಂದ ಹದಿನೈದು ಮಕ್ಕಳು ನನ್ನ ಮಗನ ತರಹ ತಡವಾಗಿ ಮಾತಾಡುವವರು. ಅವರಲ್ಲಿ ಹೆಚ್ಚಿನವರು ಶಾಲೆಗೆ ಸೇರುವ ಹೊತ್ತಿಗೆ ಉಳಿದವರ ಜೊತೆ ಸೇರಿಕೊಳ್ಳುತ್ತಾರೆ. ಎಲ್ಲರೂ ಅಲ್ಲ.

"ಗಂಡು ಮಕ್ಕಳು ಲೇಟು" ಅನ್ನುವ ಮಾತು ಕೇಳಿಯೇ ಇರುತ್ತೀರಿ. ಸ್ವಲ್ಪ ನಿಜ. ಹೆಣ್ಣು ಮಕ್ಕಳು ಸರಾಸರಿ ಒಂದೆರಡು ತಿಂಗಳು ಮುಂದಿರುತ್ತಾರೆ. ಒಂದೆರಡು ತಿಂಗಳು ಮಾತ್ರ! ಮೂರು ವರ್ಷದ ಗಂಡು ಮಗು ಮಾತಾಡದಿದ್ದರೆ ಅದಕ್ಕೆ ಗಂಡಾಗಿರುವುದು ಕಾರಣವಲ್ಲ. ವಂಶದ ಮಾತೂ ಹಾಗೆಯೇ. ತಡವಾಗಿ ಮಾತಾಡುವುದು ಮನೆತನದಲ್ಲಿ ಬರುವುದುಂಟು. ಕಿವಿಯ ದೋಷವೂ ಮನೆತನದಲ್ಲಿ ಬರುವುದುಂಟು. ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆಯಾದ ಮನೆಗಳಲ್ಲಿ ಇದನ್ನು ಇನ್ನೂ ಹೆಚ್ಚು ಗಮನಿಸಬೇಕು.

ಎರಡು ಮೂರು ಭಾಷೆಯ ಮನೆಗಳ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬೆಂಗಳೂರಿನಿಂದ ಒಬ್ಬ ತಾಯಿ ಬಂದಿದ್ದರು. ಅವರದು ತುಳು ಮನೆ, ಗಂಡನ ಮನೆಯಲ್ಲಿ ಕನ್ನಡ, ಕೆಲಸದಾಕೆ ತೆಲುಗು. ಪ್ಲೇ ಸ್ಕೂಲಿನಲ್ಲಿ "ಮಗು ಕನ್‌ಫ್ಯೂಸ್ ಆಗಿದೆ, ಮನೆಯಲ್ಲಿ ಬರೀ ಇಂಗ್ಲಿಷ್ ಆಡಿ" ಅಂದಿದ್ದರಂತೆ. ಆ ತಾಯಿಗೆ ಇಂಗ್ಲಿಷಿನಲ್ಲಿ ಮುದ್ದು ಮಾಡಲು ಬರುವುದಿಲ್ಲ. ಆರು ತಿಂಗಳಿಂದ ಮಗುವಿನ ಜೊತೆ ಮಾತೇ ಕಡಿಮೆಯಾಗಿತ್ತು. ಅವರು ಅತ್ತುಬಿಟ್ಟರು. ದಯವಿಟ್ಟು ಇಂಥ ಸಲಹೆ ಯಾರೂ ಕೊಡಬೇಡಿ, ಯಾರೂ ಕೇಳಬೇಡಿ. ಹೆಚ್ಚು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುವುದಿಲ್ಲ. ಎಣಿಸುವಾಗ ಎಲ್ಲಾ ಭಾಷೆಯ ಪದಗಳನ್ನು ಸೇರಿಸಿ ಎಣಿಸಬೇಕು, ಅಷ್ಟೆ. ಕಿವಿಯ ದೋಷವಾಗಲಿ, ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಆಟಿಸಂ ಆಗಲಿ ಇದ್ದರೆ ಅದು ಒಂದು ಭಾಷೆಯ ಮನೆಯಲ್ಲೂ ಇರುತ್ತದೆ, ಮೂರು ಭಾಷೆಯ ಮನೆಯಲ್ಲೂ ಇರುತ್ತದೆ. ಅಮೆರಿಕದಲ್ಲಿ, ದುಬೈನಲ್ಲಿ ಇರುವ ನಮ್ಮವರೂ ಫೋನಿನಲ್ಲಿ ಇದನ್ನೇ ಕೇಳುತ್ತಾರೆ. ಅವರಿಗೂ ಅದೇ ಉತ್ತರ. ನಿಮಗೆ ಯಾವ ಭಾಷೆಯಲ್ಲಿ ಮಗುವನ್ನು ಗದರಿಸಲು, ಮುದ್ದಿಸಲು, ಕತೆ ಹೇಳಲು ಬರುತ್ತದೋ ಆ ಭಾಷೆಯಲ್ಲೇ ಆಡಿ.

ಕೂಲಿಗೆ, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರು ಇಲ್ಲಿ ಬಹಳ ಜನ ಇದ್ದೀರಿ. "ನಾನು ಮನೆಯಲ್ಲಿ ಇರಲ್ಲ, ಅದಕ್ಕೇ ಮಗುಗೆ ಮಾತು ಬರಲಿಲ್ಲವಾ" ಅಂತ ಒಳಗೇ ಕೊರಗುತ್ತೀರಿ. ಮೆಕ್ಸಿಕೋ ದೇಶದ ಬೆಟ್ಟದ ಹಳ್ಳಿಗಳಲ್ಲಿ ತ್ಸೆಲ್ತಾಲ್ ಅನ್ನುವ ಮಾಯಾ ಭಾಷೆ ಆಡುವ ಜನ ಇದ್ದಾರೆ. ಅಲ್ಲಿ ಕೂಸು ಅಮ್ಮನ ಬೆನ್ನ ಮೇಲೆ ಇರುತ್ತದೆ. ಅದರ ಜೊತೆ ನೇರವಾಗಿ ಯಾರೂ ಜಾಸ್ತಿ ಮಾತಾಡುವುದಿಲ್ಲ, ಗಂಟೆಗೆ ಕೆಲವು ನಿಮಿಷ ಅಷ್ಟೆ. ಆದರೂ ಆ ಮಕ್ಕಳ ಮೊದಲ ಪದ, ಪದಗಳ ಜೋಡಣೆ ಬೇರೆ ಕಡೆಯ ಮಕ್ಕಳಷ್ಟೇ ವಯಸ್ಸಿಗೆ ಬಂದದ್ದನ್ನು ಅಧ್ಯಯನ ಮಾಡಿದವರು ಕಂಡಿದ್ದಾರೆ. ಸುತ್ತ ಮಾತಿದೆ, ಜನ ಇದ್ದಾರೆ, ಕೆಲಸ ನಡೆಯುತ್ತಿದೆ, ಮಗು ಅದರ ನಡುವೆ ಇದೆ. ಆದ್ದರಿಂದ ಮಗುವಿನ ಮಾತು ತಡವಾದದ್ದಕ್ಕೆ ನಿಮ್ಮನ್ನು ಯಾರಾದರೂ ದೂರಿದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮೊಬೈಲಿನ ವಿಷಯ ಬೇರೆ. 2003ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಜೊತೆಗಾರರು ಒಂಬತ್ತು ತಿಂಗಳ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿದರು. ಒಂದು ಗುಂಪಿನ ಮಕ್ಕಳ ಎದುರು ಚೀನೀ ಆಡುವವರೇ ಕೂತು ಆಟದ ಸಾಮಾನು ತೋರಿಸಿ, ಪುಸ್ತಕ ಓದಿ ಹನ್ನೆರಡು ಸಲ ಮಾತಾಡಿದರು. ಇನ್ನೊಂದು ಗುಂಪಿಗೆ ಅದೇ ಮಾತು, ಅದೇ ಜನ, ಟಿವಿಯಲ್ಲಿ. ಎದುರು ಕೂತವರಿಂದ ಮಕ್ಕಳು ಚೀನೀ ಶಬ್ದಗಳನ್ನು ಗುರುತಿಸಲು ಕಲಿತರು. ಟಿವಿಯಿಂದ ಏನೂ ಕಲಿಯಲಿಲ್ಲ. ಮಗು ಟಿವಿ ಕಡೆ ತೋರಿಸಿದ ಬೆರಳಿಗೆ ಟಿವಿ ತಿರುಗಿ ನೋಡುವುದಿಲ್ಲವಲ್ಲ! ಭಾರತದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ ಅನ್ನುತ್ತದೆ. ಎರಡರಿಂದ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು. ಊರಲ್ಲಿರುವ ಅಜ್ಜಿ ವಿಡಿಯೋ ಕಾಲಿನಲ್ಲಿ ಮಾತಾಡಿಸಿದರೆ ಅದಕ್ಕೆ ಅಡ್ಡಿಯಿಲ್ಲ, ಅಜ್ಜಿ ಮರುಮಾತು ಕೊಡುತ್ತಾರೆ.

ಬಜೆಯ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದಾ ಅಂತ. ನನ್ನ ನಾಲಿಗೆಗೂ ನಮ್ಮಜ್ಜಿ ಹಚ್ಚಿದ್ದರು. ಮಗು ಮಾತಾಡಲಿ ಅನ್ನುವ ಅಜ್ಜಿಯ ಆಸೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಜೆಯಿಂದ ಮಾತು ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಜೇನುತುಪ್ಪದಲ್ಲಿ ತೇಯ್ದು ಒಂದು ವರ್ಷದೊಳಗಿನ ಕೂಸಿಗೆ ಕೊಡಲೇಬೇಡಿ, ಜೇನಿನಲ್ಲಿ ಆ ವಯಸ್ಸಿನ ಕರುಳು ತಡೆಯಲಾರದ ಸೂಕ್ಷ್ಮಜೀವಿ ಇರಬಹುದು. ಕಿವಿಗೆ ಕೊಬ್ಬರಿ ಎಣ್ಣೆ ಬಿಡುವುದೂ ಬೇಡ. ನಾಲಿಗೆಯ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತದೆ ಅನ್ನುವುದೂ ಸರಿಯಲ್ಲ. ಆ ದಾರ ಬಿಗಿಯಾಗಿದ್ದರೆ ಹಾಲು ಕುಡಿಯಲು ಕಷ್ಟವಾಗಬಹುದು, ಕೆಲವು ಶಬ್ದ ಸ್ಪಷ್ಟವಾಗದಿರಬಹುದು. ಮಾತು ಬಾರದಿರುವುದಕ್ಕೆ ಅದು ಕಾರಣವಲ್ಲ.

"ಐನ್‌ಸ್ಟೈನ್ ಕೂಡ ತಡವಾಗಿ ಮಾತಾಡಿದ್ದ" ಅಂತ ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. ನಿಜವೇ. ಆದರೆ ಅದೇ ಐನ್‌ಸ್ಟೈನ್ 1954ರಲ್ಲಿ ಬರೆದ ಪತ್ರವೊಂದರಲ್ಲಿ ಇನ್ನೊಂದು ವಿಷಯವೂ ಇದೆ. ಮಗ ತಡವಾಗಿ ಮಾತಾಡಲು ಶುರು ಮಾಡಿದ್ದರಿಂದ ಅವನ ತಂದೆ ತಾಯಿಗೆ ಚಿಂತೆಯಾಗಿ ಡಾಕ್ಟರನ್ನು ಕಂಡಿದ್ದರು. ವಾಟ್ಸಾಪಿನವರು ಆ ಸಾಲನ್ನೂ ಹಾಕಬೇಕಿತ್ತು.

ಯಾವಾಗ ಕಾಯಬಾರದು ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಕಾರ್ಯಕರ್ತೆಯರು ಬೇಕಾದರೆ ಬರೆದುಕೊಳ್ಳಿ. ಹತ್ತು ತಿಂಗಳಾದರೂ ಬಬಬ ಇಲ್ಲ. ಒಂದು ವರ್ಷವಾದರೂ ಹೆಸರು ಕರೆದರೆ ತಿರುಗುವುದಿಲ್ಲ, ಟಾಟಾ ಮಾಡುವುದಿಲ್ಲ. ಹದಿನಾರು ತಿಂಗಳಾದರೂ ಒಂದೂ ಪದ ಇಲ್ಲ. ಒಂದೂವರೆ ವರ್ಷವಾದರೂ ಬೆರಳು ತೋರಿಸುವುದಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಎರಡು ವರ್ಷವಾದರೂ ತಾನಾಗಿ ಎರಡು ಪದ ಜೋಡಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತು ಹೊರಟುಹೋಯಿತು ಅನ್ನುವುದು. "ಅಮ್ಮ ಅಂತಿದ್ದ, ಈಗ ಅನ್ನಲ್ಲ" ಅಂತ ಯಾವ ತಾಯಿ ಹೇಳಿದರೂ ಆ ವಾರವೇ ಕಳಿಸಿ. ಹುಟ್ಟಿದಾಗ ಕಾಮಾಲೆ ತುಂಬಾ ಜಾಸ್ತಿಯಾಗಿದ್ದ ಮಗು, ಮೆದುಳು ಜ್ವರ ಬಂದಿದ್ದ ಮಗು, ತೂಕ ತೀರಾ ಕಡಿಮೆಯಿದ್ದ ಮಗು, ಇವರನ್ನು ಮಾತಿಗೆ ಕಾಯದೆ ಮೊದಲೇ ಕಿವಿ ಪರೀಕ್ಷೆಗೆ ಕಳಿಸಿ.

ತಟ್ಟೆ ಬಡಿದು ನೋಡುವುದು ಪರೀಕ್ಷೆಯಲ್ಲ. ನಮ್ಮ ಹುಡುಗಿ ತಿರುಗಿದಳಲ್ಲ, ಹೇಗೆ? ತಟ್ಟೆ ಬಿದ್ದಾಗ ನೆಲ ಅದುರಿತು. ಎದುರಿಗಿದ್ದ ನಾವೆಲ್ಲ ಆ ಕಡೆ ನೋಡಿದೆವು, ಅವಳು ನಮ್ಮ ಕಣ್ಣು ನೋಡಿದಳು. ಕಿವಿ ಕೇಳದ ಮಗುವಿಗೆ ಕಣ್ಣು ಬಹಳ ಚುರುಕು. ಇನ್ನು ಕೆಲವು ಮಕ್ಕಳಿಗೆ ಕುಕ್ಕರ್ ಸೀಟಿ ಕೇಳುತ್ತದೆ, ಪಟಾಕಿ ಕೇಳುತ್ತದೆ, ಸ, ಶ, ತ, ಕ ಕೇಳುವುದಿಲ್ಲ. ಅವರಿಗೆ ನಮ್ಮ ಮಾತು ಗೋಡೆಯ ಆಚೆ ಯಾರೋ ಗೊಣಗಿದ ಹಾಗೆ. ಶೀತ, ಕಿವಿ ಸೋರುವುದು ಪದೇ ಪದೇ ಆಗುವ ಮಕ್ಕಳಿಗೂ ಕೇಳುವುದು ಹೆಚ್ಚುಕಡಿಮೆಯಾಗುತ್ತಿರುತ್ತದೆ.

ನಿಜವಾದ ಪರೀಕ್ಷೆ ನೋವಿಲ್ಲದ್ದು. ಓಎಇ ಅಂತ ಒಂದಿದೆ. ಹುಟ್ಟಿದ ಮಾರನೆಯ ದಿನವೂ ಮಾಡಬಹುದು. ಕಿವಿಗೆ ಮೆತ್ತನೆಯ ಚಿಕ್ಕ ಬಿರಡೆ ಇಡುತ್ತಾರೆ, ಶಬ್ದ ಕಳಿಸುತ್ತಾರೆ, ಒಳಗಿವಿಯಿಂದ ಮರುದನಿ ಬರುತ್ತದಾ ಅಂತ ಯಂತ್ರ ನೋಡುತ್ತದೆ. ಕೆಲವೇ ನಿಮಿಷ. ಅದರಲ್ಲಿ ಅನುಮಾನ ಬಂದರೆ ಬೆರಾ ಟೆಸ್ಟು. ತಲೆಗೆ ಅಂಟಿನ ತಂತಿ ಹಚ್ಚಿ, ಶಬ್ದ ಮೆದುಳಿನವರೆಗೆ ಹೋಗುತ್ತದಾ ಅಂತ ನೋಡುತ್ತಾರೆ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷ ಇದೆಯಾ ಇಲ್ಲವಾ ಅನ್ನುವ ನಿರ್ಧಾರ, ಆರು ತಿಂಗಳೊಳಗೆ ಚಿಕಿತ್ಸೆ ಶುರು, ಇದು ನಾವು ಹಿಡಿಯುವ ಗುರಿ. ಸಾವಿರ ಕೂಸುಗಳಲ್ಲಿ ಒಂದರಿಂದ ಮೂರಕ್ಕೆ ಹುಟ್ಟಿನಿಂದಲೇ ಕಿವಿಯ ದೋಷ ಇರುತ್ತದೆ. ಆರು ತಿಂಗಳೊಳಗೆ ಗೊತ್ತಾದ ಮಕ್ಕಳ ಭಾಷೆ, ಆಮೇಲೆ ಗೊತ್ತಾದವರಿಗಿಂತ ಎಷ್ಟೋ ಚೆನ್ನಾಗಿ ಬೆಳೆಯುತ್ತದೆ ಅನ್ನುವುದು 1990ರ ದಶಕದಿಂದಲೇ ಸಾಬೀತಾಗಿರುವ ವಿಷಯ.

ಎಲ್ಲಿಗೆ ಹೋಗಬೇಕು? ಆರ್‌ಬಿಎಸ್‌ಕೆ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಅದರ ಪೂರ್ತಿ ಹೆಸರು, ಮಕ್ಕಳ ಆರೋಗ್ಯ ತಪಾಸಣೆಗೆ 2013ರಿಂದ ಇರುವ ಸರ್ಕಾರದ ಯೋಜನೆ. ಬಂದಾಗ ಮಗುವನ್ನು ತಪ್ಪದೆ ತೋರಿಸಿ. ಅವರು ಜಿಲ್ಲಾ ಮಟ್ಟದ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಕೇಂದ್ರಕ್ಕೆ, ಬರೆದುಕೊಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಬೇರೆ ರಾಜ್ಯಗಳಿಂದ ಜನ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ನಮಗೆ ಕೈಗೆಟುಕುವಷ್ಟು ಹತ್ತಿರ ಇದೆ, ನಮ್ಮಲ್ಲೇ ಎಷ್ಟೋ ಜನರಿಗೆ ಅದು ಗೊತ್ತಿಲ್ಲ. ನನ್ನ ಅಕ್ಕ ಮಗಳನ್ನು ಕರೆದುಕೊಂಡು ಹೋದದ್ದು ಅಲ್ಲಿಗೇ. ಅಲ್ಲಿಯ ಶಿಶುವಿಹಾರದಲ್ಲಿ ಮಗುವಿನ ಜೊತೆ ತಾಯಿಯೂ ಕೂತು ಕಲಿಯಬೇಕು. ಅಕ್ಕ ಬಾಡಿಗೆ ಕೋಣೆ ಮಾಡಿ ಮೈಸೂರಿನಲ್ಲೇ ಉಳಿದಳು. ಮಗಳ ಕಿವಿಗೆ ಯಂತ್ರ ಬಂತು. ಒಂದು ಪದಕ್ಕೆ ನೂರು ಸಲ, ಸಾವಿರ ಸಲ. ಆ ವರ್ಷ ರಜೆಯಲ್ಲಿ ಹೋಗಿ ಅವರ ಜೊತೆ ಇದ್ದಾಗ ನಾನು ಏನು ಓದಬೇಕು ಅನ್ನುವುದು ನಿರ್ಧಾರವಾಯಿತು. ಅವಳು ಈಗ ಮಾತಾಡುತ್ತಾಳೆ, ಕೆಲಸ ಮಾಡುತ್ತಾಳೆ. ಕಷ್ಟಪಟ್ಟು ಮಾತಾಡುತ್ತಾಳೆ. ಆರು ತಿಂಗಳಿಗೆ ಗೊತ್ತಾಗಿದ್ದರೆ ಆ ಕಷ್ಟದಲ್ಲಿ ಬಹಳಷ್ಟು ಇರುತ್ತಿರಲಿಲ್ಲ. ಇದನ್ನು ಅವಳ ಎದುರಿಗೆ ಹೇಳಲು ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ನನ್ನ ಮಗನಿಗೂ ಒಂದೂವರೆ ವರ್ಷಕ್ಕೆ ಪರೀಕ್ಷೆ ಮಾಡಿಸಿದ್ದೆ. ಕಿವಿ ಸರಿಯಿತ್ತು. "ಒಳಗೆ ಹೋಗಿ ಅಜ್ಜಿಯ ಕನ್ನಡಕ ತಗೊಂಡು ಬಾ" ಅಂದರೆ ತರುತ್ತಿದ್ದ. ಬೆರಳು ತೋರಿಸುತ್ತಿದ್ದ. ಆಮೇಲೆ ನಾನು ಕಾದೆ. ಕಾಯುವಾಗಲೂ ಕೈಕಟ್ಟಿ ಕೂರಲಿಲ್ಲ. ಸೊಪ್ಪು ಬಿಡಿಸುವಾಗ ಪಕ್ಕ ಕೂರಿಸಿಕೊಂಡು "ಇದು ದಂಟು, ಇದು ಎಲೆ, ಅಯ್ಯೋ ಹುಳ" ಅನ್ನುತ್ತಿದ್ದೆ. ಅವನು ಹುಳ ನೋಡಿದರೆ ನಾನೂ ಹುಳದ ಬಗ್ಗೆಯೇ ಮಾತಾಡುತ್ತಿದ್ದೆ. "ಬಾಳೆಹಣ್ಣು ಬೇಕಾ, ಬಿಸ್ಕತ್ತು ಬೇಕಾ" ಅಂತ ಕೇಳಿ ಬಾಯಿ ಮುಚ್ಚಿಕೊಂಡು ಹತ್ತು ಎಣಿಸುತ್ತಿದ್ದೆ. ಈ ಹತ್ತು ಎಣಿಸುವುದು ಬಹಳ ಕಷ್ಟದ ಕೆಲಸ, ಮಾಡಿ ನೋಡಿ. ನಾವು ಮಗುವಿಗೆ ಬಾಯಿ ತೆರೆಯಲು ಹೊತ್ತೇ ಕೊಡುವುದಿಲ್ಲ. ಕೇಳುವವರೂ ನಾವೇ, ಉತ್ತರ ಕೊಡುವವರೂ ನಾವೇ. ಅವನು "ಬಾ" ಅಂದರೆ "ಬಾಳೆಹಣ್ಣು ಬೇಕು" ಅಂತ ನಾನು ಒಂದು ಪದ ಸೇರಿಸಿ ಕೊಡುತ್ತಿದ್ದೆ. ಅಷ್ಟೆ.

ಕೊನೆಯಲ್ಲಿ ಒಬ್ಬ ಕಾರ್ಯಕರ್ತೆ ಎದ್ದು ಕೇಳಿದರು. "ಮೇಡಂ, ನಾವು ಹೇಳುತ್ತೇವೆ. ತಾಯಿ ಒಪ್ಪುತ್ತಾಳೆ. ಆದರೆ ಅವಳ ಅತ್ತೆ ಬಿಡಲ್ಲ. ನಮ್ಮ ಮಗುಗೆ ಕಿವುಡು ಅಂತ ಹೆಸರಿಡುತ್ತೀರಾ ಅಂತ ಜಗಳಕ್ಕೆ ಬರುತ್ತಾರೆ. ಏನು ಮಾಡೋಣ?"

ಅತ್ತೆಯನ್ನೂ ಕರೆದುಕೊಂಡು ಹೋಗಿ ಅಂದೆ. ಅವರನ್ನು ಬಿಟ್ಟು ಹೋಗಬೇಡಿ. ಬೆರಾ ಟೆಸ್ಟಿಗೆ ಮಗು ನಿದ್ದೆ ಮಾಡುತ್ತಿರಬೇಕು. ಆದ್ದರಿಂದ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ನಿದ್ದೆ ಬಿಡಬೇಡಿ. ಅಲ್ಲಿ ಹೋದ ಮೇಲೆ ಹೊಟ್ಟೆ ತುಂಬಾ ಹಾಲು ಕುಡಿಸಿ ಅಜ್ಜಿಯ ಕೈಗೆ ಕೊಡಿ. ಆ ಅಪರಿಚಿತ ಕೋಣೆಯಲ್ಲಿ ಮಗುವನ್ನು ಹತ್ತು ನಿಮಿಷದಲ್ಲಿ ಮಲಗಿಸಬೇಕಾದರೆ ಅವರ ಜೋಗುಳವೇ ಬೇಕು. ತಂತಿ ಹಚ್ಚಿದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಪರದೆಯ ಮೇಲೆ ಓಡುವ ಗೆರೆಯನ್ನು ಅವರೇ ನೋಡಲಿ.